ಎದ್ದು ಹೋದವರ ಕುರ್ಚಿ

ನಮ್ಮ ದೊಡ್ಡಮ್ಮ ಯಾರ ಮನೆಗೆ ಹೋದರೂ ಕುರ್ಚಿಯಲ್ಲಿ ತಕ್ಷಣ ಕೂರುವುದಿಲ್ಲ. ಮೊದಲು ಅದರ ಮೇಲೆ ಅಂಗೈಯಿಟ್ಟು, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರಂತೆ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾರೆ. ಆಮೇಲೆ, ಅಲ್ಲಿದ್ದವರನ್ನು ಸ್ವಲ್ಪ ಸರಿಯಲು ಕೇಳಿಕೊಂಡ ಹಾಗೆ, ಅಂಚಿನಲ್ಲಿ ಕೂರುತ್ತಾರೆ.

ಅವರ ಕಸುಬು ಕುರ್ಚಿಗಳಿಗೆ ಬೆತ್ತ ಹೆಣೆಯುವುದು. ತೊಟ್ಟಿಯ ನೀರಿನಲ್ಲಿ ನೆನೆದು ಮೆತ್ತಗಾದ ಬೆತ್ತದ ಪಟ್ಟಿಗಳನ್ನು ಹೆಗಲ ಮೇಲೆ ಇಳಿಬಿಟ್ಟುಕೊಂಡು, ಬಣ್ಣ ಮಾಸಿದ ಉದ್ದನೆಯ ನೀಲಿ ಕೋಟಿನಲ್ಲಿ, ಎಡಕ್ಕೆ ಒಂದಿಷ್ಟು ವಾಲಿ ನಡೆಯುವ ಅವರು ಕೋಣೆಯಿಂದ ಕೋಣೆಗೆ ಹೋದರೆ ಹಿಂದೆ ಸಣ್ಣ ಹನಿಗಳ ಸಾಲೊಂದು ಉಳಿದು, ಬಿಸಿಲಿಗೆ ಮೆಲ್ಲಗೆ ಆರಿ ಮಾಯವಾಗುತ್ತದೆ. ಹರಿದು ಬಂದ ಬೆತ್ತವನ್ನು ನೋಡಿಯೇ ಅದರಲ್ಲಿ ಕೂತವರ ಬಗ್ಗೆ ಹೇಳಬಲ್ಲರು: ಇವರು ಒಂದು ಕಾಲು ಮಡಚಿ ಕೂರುತ್ತಿದ್ದರು, ಇವರು ಯಾರಿಗೋ ಕಾಯುತ್ತ ತುದಿಯಲ್ಲೇ ಇದ್ದರು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಕಿಟಕಿಯ ಪಕ್ಕದಲ್ಲಿ ಚಿತ್ರ ಬರೆಯುತ್ತಾರೆ. ಬರೆಯುವುದು ಖಾಲಿ ಕುರ್ಚಿಗಳನ್ನು ಮಾತ್ರ.

ಊರಿನ ಚಿತ್ರಪ್ರದರ್ಶನಕ್ಕೆ ಹನ್ನೊಂದು ವರ್ಷ, ವರ್ಷಕ್ಕೊಂದು ಚಿತ್ರ ಕಳಿಸಿದರು. ಹನ್ನೊಂದೂ ವಾಪಸು ಬಂದವು. ಪ್ರತಿ ಸಲವೂ ಕಾಗದ ಓದಿ "ಆಯ್ತಲ್ಲ" ಎನ್ನುತ್ತಿದ್ದರು. ಹಾಲು ಉಕ್ಕಿದರೂ, ನಾನು ಶಾಲೆಯನ್ನೇ ಬಿಟ್ಟು ಬಂದು ಅವರ ಬಾಗಿಲಲ್ಲಿ ನಿಂತಾಗಲೂ ಅವರ ಬಾಯಿಂದ ಬಂದದ್ದು ಅದೇ ಮಾತು.

ರಿಪೇರಿಗೆ ಕುರ್ಚಿ ತರುವ ಮೇಜು-ಕುರ್ಚಿ ಅಂಗಡಿಯವರು ಒಮ್ಮೆ ಕೆಣಕಿದರು: "ಏನಕ್ಕಾ, ನಿಮ್ಮ ಚಿತ್ರದ ಕುರ್ಚೀಲಿ ಕೂರೋಕೆ ಈ ವರ್ಷನೂ ಯಾರೂ ಸಿಗ್ಲಿಲ್ವಾ?"

"ಕೂರೋರೆಲ್ಲ ನಿಮ್ಮ ಅಂಗಡೀಲೇ ಕೂತಿದ್ದಾರಲ್ಲಪ್ಪ, ಒಂದು ಸ್ಟೂಲೂ ಕೊಳ್ಳದೆ" ಎಂದರು ದೊಡ್ಡಮ್ಮ, ತಲೆಯೆತ್ತದೆ.

ಹನ್ನೆರಡನೆಯ ವರ್ಷ ಪ್ರದರ್ಶನದ ಕಾರ್ಯದರ್ಶಿಗಳೇ ಮುಂಚಿತವಾಗಿ ಕಾಗದ ಬರೆದರು. ಕೈ ಚೆನ್ನಾಗಿದೆ, ಕುರ್ಚಿಯಲ್ಲಿ ಒಬ್ಬರನ್ನು ಕೂರಿಸಿ ಕಳಿಸಿ, ಖಂಡಿತ ಗೋಡೆಗೆ ಹಾಕುತ್ತೇವೆ ಎಂದಿತ್ತು. ಆ ದಿನ ಅವರು "ಆಯ್ತಲ್ಲ" ಎನ್ನಲಿಲ್ಲ. ಕಾಗದವನ್ನು ಕೋಟಿನ ಜೇಬಿಗಿಟ್ಟು, ಮತ್ತೆ ತೆಗೆದು, ಮತ್ತೆ ಇಟ್ಟು, ಸಂಜೆಯ ಹೊತ್ತಿಗೆ ಮಡಿಕೆಗಳಲ್ಲೇ ಅದು ಹರಿಯತೊಡಗಿತ್ತು.

"ಪುಟ್ಟೀ, ಸ್ವಲ್ಪ ಹೊತ್ತು ಕೂತ್ಕೋತೀಯಾ?" ಎಂದು ನನ್ನನ್ನು ಕೇಳಿದರು.

ಮೂರು ಮಧ್ಯಾಹ್ನ ಕೂತೆ. ಬೆಳಕು ಕಿಟಕಿಯಿಂದ ನೆಲಕ್ಕೆ, ನೆಲದಿಂದ ನನ್ನ ಮಡಿಲಿಗೆ, ಅಲ್ಲಿಂದ ಗೋಡೆಗೆ ಸರಿಯುತ್ತಿತ್ತು. ತೊಟ್ಟಿಯಲ್ಲಿ ಬೆತ್ತ ಉಬ್ಬುತ್ತ ಆಗೊಮ್ಮೆ ಈಗೊಮ್ಮೆ ಒಂದು ಗುಳ್ಳೆ ಬಿಡುತ್ತಿತ್ತು. ನಾಲ್ಕು ಜನರ ಮುಂದೆ ತಲೆಯೆತ್ತಲಾರದ ನಾನು, ಗುರುತಿಲ್ಲದವರೆಲ್ಲ ಗೋಡೆಯ ಮೇಲಿನ ನನ್ನನ್ನು ನೋಡುತ್ತ ನಿಂತಿರುವುದನ್ನು ಕಣ್ಣು ತೆರೆದೇ ಕನಸು ಕಂಡೆ. ಯಾರಿಗೂ ಹೇಳಲಿಲ್ಲ.

ನಾಲ್ಕನೆಯ ದಿನ ಪೆನ್ಸಿಲಿನ ಗೆರೆಗಳಲ್ಲಿ ನಾನು ಪೂರ್ತಿಯಾಗಿದ್ದೆ. "ಸಾಕು, ಏಳು" ಎಂದರು. ಎದ್ದೆ. ತಗ್ಗಿದ್ದ ಬೆತ್ತ ಕಿರ್ ಎಂದು, ಉಸಿರೆಳೆದುಕೊಳ್ಳುವಂತೆ, ಮೆಲ್ಲಗೆ ಮೇಲೇಳತೊಡಗಿತು, ಪೂರ್ತಿ ಏಳಲಿಲ್ಲ. ದೊಡ್ಡಮ್ಮ ಅದನ್ನೇ ನೋಡುತ್ತಿದ್ದರು.

"ಇಲ್ನೋಡು. ಈಗ ಕಾಣ್ತಿದ್ದೀಯ ನೀನು" ಎಂದು ಚಿತ್ರವನ್ನು ಬಿಟ್ಟು ಕುರ್ಚಿಯನ್ನು ತೋರಿಸಿದರು. ಆಮೇಲೆ ರಬ್ಬರು ತೆಗೆದುಕೊಂಡು, ಪಾದಗಳಿಂದ ಶುರುಮಾಡಿ, ಮುಖವನ್ನು ಕೊನೆಗೆ ಅಳಿಸಿದರು.

"ಬೇಜಾರಾಯ್ತಾ?"

"ಇಲ್ಲ" ಎಂದೆ. ಆಗಿತ್ತು.

ಪ್ರದರ್ಶನಕ್ಕೆ ಖಾಲಿ ಕುರ್ಚಿಯೇ ಹೋಯಿತು, ಖಾಲಿ ಕುರ್ಚಿಯೇ ವಾಪಸು ಬಂತು. "ಆಯ್ತಲ್ಲ" ಎಂದು ಅವರು ಕೆಲಸಕ್ಕೆ ತಿರುಗಿದರು. ಆದರೆ ಒಂದು ಗಂಟೆಯೊಳಗೆ ತೆಗೆಯಬೇಕಾದ ಬೆತ್ತವನ್ನು ಆ ದಿನ ನೀರಿನಲ್ಲೇ ಮರೆತರು. ಮರುದಿನ ಬೆಳಿಗ್ಗೆ ಅದು ಕಪ್ಪಾಗಿತ್ತು. ಮೂವತ್ತು ವರ್ಷಗಳಲ್ಲಿ ಆದ ಮೊದಲ ತಪ್ಪು ಅದು. ಅವರು ತೊಟ್ಟಿಯಲ್ಲಿ ಕೈಯಿಟ್ಟು ಪಟ್ಟಿಗಳನ್ನು ತಡವಿದರು. ನಂತರ ಒಂದೊಂದೇ ಪಟ್ಟಿ ಎಳೆದು ನೋಡಿ, ಗಟ್ಟಿಯಿದ್ದವನ್ನು ಆರಿಸಿ, ನಾನು ಕೂತಿದ್ದ ಕುರ್ಚಿಯಲ್ಲಿ ತಗ್ಗಿದ್ದ ಎಳೆಗಳನ್ನು ಬಿಚ್ಚಿ ಅಲ್ಲಿಗೇ ಹೆಣೆದರು. ನಡುವೆ ಒಂದು ಕಪ್ಪು ಪಟ್ಟೆ ಮೂಡಿತು.

"ಒಂದ್ಸಲ ಕೂತು ಎದ್ದೇಳು" ಎಂದರು. ಪೆನ್ಸಿಲು ಆಗಲೇ ಕೈಯಲ್ಲಿತ್ತು.

ಇತರರ ಒಪ್ಪಿಗೆಯೇ ಬೇಡವೆನ್ನುವ ಕಲಾವಿದರು ಎಲ್ಲಾದರೂ ಇರಬಹುದು, ನಾನು ಕಂಡಿಲ್ಲ. ದೊಡ್ಡಮ್ಮನಂಥವರಿಗೆ ಅದು ಬೇಕು. ಅಂಚೆಯವನ ಸೈಕಲ್ಲಿನ ಸದ್ದಿಗೆ ಕೈಯೊರೆಸಿಕೊಂಡು ಬಾಗಿಲಿಗೆ ಬರುವಷ್ಟು ಬೇಕು. ಆದರೆ ಅದನ್ನು ಪಡೆಯಲೆಂದು ಕಂಡದ್ದನ್ನು ಕಾಣಲಿಲ್ಲ ಎನ್ನುವುದು ಮಾತ್ರ ಅವರಿಂದಾಗದು. ಹಾಗಾಗಿ ಅವರು ಲೋಕದ ಒಂದು ಅಂಚಿನಲ್ಲಿ ಕೂತು, ನಾವು ಎದ್ದು ಹೋದ ಮೇಲೂ ಸ್ವಲ್ಪ ಹೊತ್ತು ಉಳಿಯುವ ನಮ್ಮ ಭಾರವನ್ನು, ಅದು ಮಾಸುವ ಮುನ್ನ, ಬರೆದಿಡುತ್ತಿರುತ್ತಾರೆ.