ಪೀಠ ಕಟ್ಟುವ ಮೊರೀನ್

ಮೊರೀನ್ ಓಲ್ಡರ್‌ಶಾ ಎದುರಿಗೆ ಬಂದವರ ಮುಖವನ್ನು ಮೊದಲು ನೋಡಿದ್ದನ್ನು ನಾನಂತೂ ಕಂಡಿಲ್ಲ. ಆಕೆಯ ದೃಷ್ಟಿ ಮೊದಲು ಬೀಳುವುದು ಅವರ ಕಾಲಡಿಯ ನೆಲದ ಮೇಲೆ. ಅಲ್ಲಿ ಕೆಲಸಕ್ಕೆ ಬರುವ ಕಲ್ಲುಚೂರೋ ಪಾಚಿಯೋ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಅದು ಸಾವಕಾಶವಾಗಿ ಮೇಲೇರಿ, ಮೊಣಕಾಲು, ಅಂಗಿಯ ಗುಂಡಿ, ಗದ್ದಗಳನ್ನು ದಾಟಿ ಕಣ್ಣಿಗೆ ಬಂದು ಸೇರುತ್ತದೆ. ಆಮೇಲೆ, "ಏನ್ ಮರಿ, ಚೆನ್ನಾಗಿದೀಯಾ?" ನಮ್ಮ ನಾಟಿಂಗ್‌ಹ್ಯಾಮಿನಲ್ಲಿ ಹಲ್ಲುದುರಿದ ಮುದುಕನೂ ಮರಿಯೇ, ದಂಡ ಹಾಕಲು ಬಂದ ಪೊಲೀಸನೂ ಮರಿಯೇ.

ಆಕೆಯ ಕಂದು ಕೋಟಿನ ವೈಭವವೆಲ್ಲ ಅದರ ಜೇಬುಗಳಲ್ಲಿದೆ. ಒಂದರಲ್ಲಿ ಟ್ರೆಂಟ್ ನದಿಯ ಮರಳು, ಇನ್ನೊಂದರಲ್ಲಿ ತೊಗಟೆಯ ಚೂರು, ಒಳಜೇಬಿನಲ್ಲಿ ಬರ್ಚ್ ಮರದ ಬೀಜದ ಹೊಟ್ಟು. ಬೆರಳ ತುದಿಯಲ್ಲಿಟ್ಟು ನೋಡಿದರೆ ಒಂದೊಂದೂ ಥೇಟ್ ಉದುರಿದ ಎಲೆ. ಈ ಭಾರಕ್ಕೆ ಒಂದು ಮಗ್ಗುಲಿಗೆ ವಾಲಿಕೊಂಡು ಆಕೆ ಬೀದಿಯಲ್ಲಿ ಬರುವುದನ್ನು ಕಂಡರೆ, ಸರಕು ತುಂಬಿದ ದೋಣಿಯೊಂದು ದಡಕ್ಕೆ ಬರುತ್ತಿರುವಂತೆ ತೋರುತ್ತದೆ.

ಗುರುವಾರ ಸಂಜೆ ಪಬ್ಬಿನ ಮಹಡಿಯಲ್ಲಿ ಸೇರಿ, ಬೆರಳುದ್ದದ ಸೈನಿಕ ಬೊಂಬೆಗಳನ್ನು ಮೇಜಿನ ಮೇಲೆ ಹೂಡಿ, ದಾಳ ಉರುಳಿಸಿ, ಚಿಪ್ಸ್ ತುಂಬಿದ ಬನ್ನು ತಿನ್ನುತ್ತ ಸಾಮ್ರಾಜ್ಯಗಳನ್ನು ಕೆಡವುವ ಜನ ನಾವು. ನಮಗೆಲ್ಲ ಸೈನಿಕನ ಮೀಸೆಗೆ ಬಣ್ಣ ಹಚ್ಚುವುದೇ ತಪಸ್ಸು. ಅವನು ನಿಲ್ಲುವ ಪೀಠಕ್ಕೆ ಕೊನೆಯಲ್ಲಿ ಒಂದಿಷ್ಟು ಅಂಟು, ಒಂದು ಚಿಟಿಕೆ ಮರಳು. ಮೊರೀನ್ ಮಾತ್ರ ಸೈನಿಕನನ್ನು ಪಕ್ಕಕ್ಕಿಟ್ಟು ನೆಲವನ್ನೇ ಮೊದಲು ಕಟ್ಟುತ್ತಾರೆ. ಹಸಿ ಕೆಸರಿನಲ್ಲಿ ಅವನ ಹಿಂದೆ ಸೂಜಿಮೊನೆಯಿಂದ ಎರಡು ಹೆಜ್ಜೆಗುರುತು ಒತ್ತುತ್ತಾರೆ. ಯಾಕೆಂದು ಕೇಳಿದರೆ, "ಇವನೇನು ಆಕಾಶದಿಂದ ಉದುರಿದ್ನಾ? ನಡ್ಕೊಂಡ್ ಬಂದಿರ್ಬೇಕಲ್ವಾ!"

ಹೋದ ಚಳಿಗಾಲದಲ್ಲಿ ಆಟದ ನಿಯಮ ಬದಲಾಗಿ, ಪೀಠಗಳೆಲ್ಲ ಒಂದು ಅಳತೆ ದೊಡ್ಡವಿರಬೇಕೆಂದು ಅಪ್ಪಣೆಯಾಯಿತು. ಊರಿನ ಮನೆಮನೆಯಲ್ಲೂ ಹಳೆಯ ಪೀಠಗಳಿಂದ ಸೈನಿಕರನ್ನು ಕಿತ್ತು ಹೊಸದಕ್ಕೆ ಅಂಟಿಸುವ ಕೆಲಸ ಶುರುವಾಯಿತು. ಆಗಲೇ ವಿಲ್ಫ್ ಗಾಡ್ಬರ್, ಬಸ್ಸು ಓಡಿಸಿ ನಿವೃತ್ತನಾದವನು, ತನ್ನ ಕುಳ್ಳಯೋಧರ ದಂಡನ್ನು ಬಿಸ್ಕತ್ ಡಬ್ಬಿಯಲ್ಲಿ ತುಂಬಿಕೊಂಡು ಮೊರೀನ್ ಬಳಿಗೆ ಬಂದ. ಪೀಠಗಳ ಮೇಲೆ ಮರದ ಪುಡಿ. ಅದಕ್ಕೆ ಗಿಳಿಹಸಿರು ಬಣ್ಣ, ಗಿಳಿಯೇ ನಾಚಬೇಕು.

"ಇದೇನ್ ವಿಲ್ಫ್, ಸೈನ್ಯಾನಾ, ಬಿಲಿಯರ್ಡ್ಸ್ ಟೇಬಲ್ಲಾ?" ಎಂದ ಕ್ಲಬ್ಬಿನ ಕಾರ್ಯದರ್ಶಿ ಡೆಸ್ಮಂಡ್.

ವಿಲ್ಫ್ ನಗಲಿಲ್ಲ. "ಹಳೇದನ್ನ ಕೀಳ್ದೇನೇ ದೊಡ್ಡದು ಮಾಡ್ಬೇಕು ಮೊರೀನ್. ಇವು ಟ್ಯಾಮ್ಸಿನ್ ಮಾಡಿದ್ದು."

ಟ್ಯಾಮ್ಸಿನ್ ಅವನ ಮಗಳು. ಆರು ವರ್ಷದವಳಿದ್ದಾಗ ಅಡುಗೆಮನೆಯ ಮೇಜಿನ ಮುಂದೆ ಕೂತು ಅಷ್ಟೂ ಪೀಠಗಳಿಗೆ ಹುಲ್ಲು ಬೆಳೆಸಿದ್ದಳು. ಮರುವರ್ಷ ಸಂಸಾರ ಒಡೆದು ಅಮ್ಮನ ಜೊತೆ ದೂರದ ಕಾರ್ನ್‌ವಾಲಿಗೆ ಹೋದಳು. ಆಮೇಲೆ ಅಪ್ಪಮಗಳ ನಡುವೆ ಉಳಿದದ್ದು ಕ್ರಿಸ್‌ಮಸ್ಸಿನ ಕಾರ್ಡು ಮಾತ್ರ. ಈಗ, ದೊಡ್ಡವಳಾದ ಅವಳು, ಮಾರ್ಚಿನ ಜೋಡಿ ಪಂದ್ಯದಲ್ಲಿ ಅಪ್ಪನ ಜೊತೆ ಆಡಲು ಬರುತ್ತೇನೆಂದು ಒಪ್ಪಿದ್ದಳು. "ಅವಳು ಮಾಡಿದ್ದನ್ನ ಕಿತ್ ಬಿಸಾಕಿ, ಬಾ ಮಗಳೇ ಅಂತ ಹೆಂಗ್ ಕರೀಲಿ?"

ಮೊರೀನ್ ಒಂದು ಪೀಠವನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಹಸಿರಿನಡಿಯ ಗಟ್ಟಿಯಾದ ಅಂಟಿನಲ್ಲಿ ಪುಟ್ಟದೊಂದು ಹೆಬ್ಬೆರಳ ಗುರುತಿತ್ತು. ಆಕೆ ಕೀಳಲೆಂದು ತೆಗೆದಿದ್ದ ಚಾಕುವನ್ನು ಮಡಿಚಿ ಜೇಬಿಗಿಳಿಸಿ, "ಬಿಟ್ಟೋಗು" ಎಂದರು.

ಪ್ರತಿ ಪೀಠದ ಸುತ್ತ ತೆಳುವಾದ ಕಾರ್ಕಿನ ಬಳೆ ತೊಡಿಸಿದ್ದಾಯಿತು, ಅಳತೆ ಸರಿಹೋಯಿತು. ತೊಡಕೆಲ್ಲ ಬಳೆಯ ಮೇಲಿನ ನೆಲದ್ದು. ಮೊರೀನ್ ಮೊದಲು ಅಲ್ಲಿ, ಕ್ಲಬ್ಬಿನಲ್ಲೆಲ್ಲ ಹೆಸರಾದ ತಮ್ಮ ಕೆಸರು-ಪಾಚಿಯ ಜೌಗುನೆಲವನ್ನು ಹರಡಿ ನೋಡಿದರು. ಬಯಲಿನ ನಡುವೆ ಯಾರೋ ಜಮಖಾನೆ ಮರೆತುಹೋದಂತೆ ಕಂಡಿತು. ಕೆರೆದು ತೆಗೆದರು. ಮರದ ಪುಡಿ ತಂದು, ಶಾಲೆಮಕ್ಕಳ ಬಣ್ಣ ಕಲೆಸಿ, ಅದೇ ಗಿಳಿಹಸಿರನ್ನು ಉದುರಿಸಿದರು. ಬಣ್ಣವೇನೋ ಹೊಂದಿತು, ಆದರೆ ವರ್ಷಗಟ್ಟಲೆ ಪಳಗಿದ ಕೈ, ಪುಡಿ ಎಲ್ಲ ಕಡೆಯೂ ಹದವಾಗಿ, ಸಮವಾಗಿ, ಸುಂದರವಾಗಿ ಬಿತ್ತು. ಅದನ್ನೂ ಕೆರೆದರು. "ಕೆಟ್ಟದಾಗ್ ಮಾಡೋದು ಇಷ್ಟ್ ಕಷ್ಟ ಅಂತ ಗೊತ್ತಿರ್ಲಿಲ್ಲ ಮರಿ" ಎಂದು ನನ್ನೆದುರು ತಣ್ಣಗಾದ ಚಹಾ ಕುಡಿದರು.

ಪಂದ್ಯದ ಬೆಳಿಗ್ಗೆ ವಿಲ್ಫ್ ಡಬ್ಬಿ ತೆರೆದ. ಬಳೆಗಳೆಲ್ಲ ಬೋಳು. ಅವನು ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದ.

"ಮುಗ್ಸೇ ಇಲ್ವಲ್ಲ, ಮೊರೀನ್!"

"ನನ್ ಕೈಲಾಗ್ಲಿಲ್ಲ."

ಪಕ್ಕದಲ್ಲಿ ಟ್ಯಾಮ್ಸಿನ್, ಕೋಟು ತೆಗೆಯದೆ, ಯಾವ ಗಳಿಗೆಯಲ್ಲೂ ಹೊರಟುಬಿಡುವವಳಂತೆ ನಿಂತಿದ್ದಳು. ಮೊರೀನ್ ಹಸಿರು ಪುಡಿಯ ಸೀಸೆ, ಅಂಟು, ಕುಂಚಗಳನ್ನು ಅವಳ ಮುಂದಿಟ್ಟರು. "ಇದು ನಿನ್ ಕೆಲ್ಸ ಕಣೇ ಮರಿ. ಸ್ವಲ್ಪ ಉಳ್ಕೊಂಡಿದೆ, ನೋಡು."

ಅವಳು ಒಂದು ಕುಳ್ಳಯೋಧನನ್ನು ಕೈಗೆತ್ತಿಕೊಂಡಳು. "ಅಯ್ಯೋ, ಇವನ್ನ ಇನ್ನೂ ಇಟ್ಕೊಂಡಿದೀಯೇನಪ್ಪಾ! ಎಷ್ಟ್ ಅಸಹ್ಯವಾಗಿದೆ!"

"ಅಸಹ್ಯ ಗಿಸಹ್ಯ ಅನ್ಬೇಡ" ಎಂದ ವಿಲ್ಫ್. "ಇಡೀ ಊರಲ್ಲಿ ಇಷ್ಟ್ ಹಸಿರು ಹುಲ್ಲು ಯಾರ ಹತ್ರಾನೂ ಇಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ಕೋಟು ಕಳಚಿ ಕುರ್ಚಿಗೆ ಹಾಕಿದಳು. ಅಪ್ಪ ಅಂಟು ಹಚ್ಚಿದ, ಮಗಳು ಪುಡಿ ಉದುರಿಸಿದಳು; ಮೇಜು, ತೋಳು, ಚಹಾದ ಬಟ್ಟಲು, ಎಲ್ಲವೂ ಹಸಿರಾಯಿತು.

"ಹಸಿ ಅಂಟಿನ ಪೀಠ ಆಡ್ಸಂಗಿಲ್ಲ!" ಎಂದು ಡೆಸ್ಮಂಡ್ ಬಂದ.

"ಹಂಗಾದ್ರೆ ಕೂತು ಊದು, ಡೆಸ್ಮಂಡ್" ಎಂದರು ಮೊರೀನ್. "ನಿನ್ ಬಾಯಲ್ಲಿ ಗಾಳಿಗೇನ್ ಬರ?"

ಅವನು ನಿಜಕ್ಕೂ ಕೂತು ಊದಿದ.

ಕುಶಲಕರ್ಮಿಗಳನ್ನು ನಾನು ಬಹಳ ಕಂಡಿದ್ದೇನೆ. ತಮ್ಮ ಕೈ ತಾಕಿದ್ದೆಲ್ಲ ಪರಿಪೂರ್ಣವಾಗಬೇಕೆಂಬ ಹಟವೇ ಅವರ ತೇಜಸ್ಸು, ಅದೇ ಅವರ ಒಂಟಿತನ. ಅವರ ನಡುವೆ ಅಪರೂಪಕ್ಕೊಬ್ಬರು ಹೀಗೂ ಇರುತ್ತಾರೆ: ಇಲ್ಲಿಂದ ಮುಂದಿನದು ತನ್ನದಲ್ಲವೆಂದು ತಿಳಿದು ಕುಂಚವನ್ನು ಕೆಳಗಿಟ್ಟು, ಕೆಲಸ ಯಾರದೋ ಅವರು ಬಂದು ಕೂರಲೆಂದು ಕುರ್ಚಿ ಎಳೆದಿಟ್ಟು, ಸುಮ್ಮನೆ ಚಹಾ ಮಾಡಲು ಒಳಗೆ ಹೋಗುವವರು. ಲೋಕದಲ್ಲಿ ಮುರಿದದ್ದು ಎಷ್ಟೋ ಕಡೆ ಮತ್ತೆ ಕೂಡುವುದು ಅಂಥವರು ಬರಿದಾಗಿ ಉಳಿಸಿದ ಅಷ್ಟೇ ಅಷ್ಟು ಜಾಗದಲ್ಲಿ.