ಮೂರನೆಯ ಚಾಳಿ

ರೈಮೊ ಮಾಡಿದ ಚಿಪ್‌ನಲ್ಲಿ ಯಾವ ದೋಷವೂ ಇರಲಿಲ್ಲ. ಹಾಗೆಂದು ರೈಮೊನೇ ಹೇಳುತ್ತಿದ್ದ.

ಔಲು ಊರಿನ ನಮ್ಮ ಸಣ್ಣ ಕಂಪನಿಯಲ್ಲಿ ಅವನು ಚಿಪ್ ರೂಪಿಸುವವನು. ನಾನು, ಸಿನಿಕ್ಕ, ಅದಕ್ಕೆ ಡ್ರೈವರ್ ಬರೆಯುವವಳು. ಒಂದೇ ಜೋಡಿ ತಂತಿಯ ಮೇಲೆ ಹತ್ತಾರು ಉಪಕರಣಗಳು ಮಾತಾಡಿಕೊಳ್ಳುವ ದಾರಿಗೆ ನಾವು ಬಸ್ ಎನ್ನುತ್ತೇವೆ. ಅಲ್ಲಿ ಯಾರು ಯಾವಾಗ ಬಾಯಿ ತೆರೆಯಬೇಕೆಂದು ನೋಡಿಕೊಳ್ಳುವುದು ರೈಮೊನ ಚಿಪ್. ಆ ಚಿಪ್‌ಗೆ ಕಂಪ್ಯೂಟರಿನ ಮಾತು ಮುಟ್ಟಿಸುವ ಪ್ರೋಗ್ರಾಮೇ ಡ್ರೈವರ್. ಇಂಥ ಚಿಪ್‌ಗಳಿಗೆಲ್ಲ ಹೊಂದುವ ಒಂದು ಸಾಮಾನ್ಯ ಡ್ರೈವರ್ ಯಾರು ಬೇಕಾದರೂ ಬಳಸುವಂತೆ ಇದ್ದೇ ಇದೆ. ರೈಮೊ ಅದನ್ನು ಇಡಿಯಾಗಿ ನಕಲು ಮಾಡಿ, ನಡುನಡುವೆ ತನ್ನ ತೇಪೆ ಹಾಕಿ, ಹೊಸ ಹೆಸರಿಟ್ಟು ನನ್ನ ಮಡಿಲಿಗೆ ತಂದು ಹಾಕಿದ.

ಯಾಕೆಂದು ನನಗೆ ಗೊತ್ತಿತ್ತು. ಸಾಮಾನ್ಯ ಡ್ರೈವರನ್ನು ಬಳಸಬೇಕಾದರೆ ನಮ್ಮ ಚಿಪ್‌ಗೆ ಇಂತಿಂಥ ಚಾಳಿ ಇದೆ ಎಂದು ಎಲ್ಲರೆದುರು ಬರೆಯಬೇಕು. ನಕಲಿನೊಳಗಾದರೆ ಚಾಳಿಗಳು ಯಾರ ಕಣ್ಣಿಗೂ ಬೀಳದೆ ಹಾಯಾಗಿರುತ್ತವೆ.

ಹಳೆಯ ಚಿಪ್‌ಗೂ ಇಂಥದೇ ಒಂದು ನಕಲನ್ನು ನಾನು ಸಾಕಿದ್ದೆ. ಮೂಲದಲ್ಲಿ ಯಾರೋ ಒಂದು ಸಾಲು ತಿದ್ದಿದರೆ ಇಲ್ಲಿ ನಾನು ತಿದ್ದಬೇಕು. ಮಗಳು ಓದಲು ಮನೆ ಬಿಟ್ಟಳು, ಗಂಡ ಇನ್ನೊಬ್ಬಳ ಮನೆ ಸೇರಿದ, ಆ ನಕಲು ಮಾತ್ರ ನನ್ನನ್ನು ಬಿಡಲಿಲ್ಲ. ಅಮ್ಮನ ಅಂತ್ಯಕ್ರಿಯೆ ಮುಗಿಸಿ ಬಂಧುಗಳೆಲ್ಲ ಕೂತು ಕುಡಿಯುವ ಕಾಫಿಯ ನಡುವೆ ಎದ್ದುಹೋಗಿ ಅದನ್ನು ಸಂತೈಸಿ ಬಂದಿದ್ದೇನೆ. ಇನ್ನೊಂದನ್ನು ಸಾಕುವ ತ್ರಾಣ ಇರಲಿಲ್ಲ. ಉಳಿದ ವರ್ಷಗಳ ಸಂಜೆಗಳಾದರೂ ನನ್ನವಾಗಿರಲಿ ಎಂಬುದಷ್ಟೇ ಆಸೆ.

ಆದರೂ ರೈಮೊ ಹೇಳಿದಂತೆ ನಕಲನ್ನು ಸಾಮಾನ್ಯ ಡ್ರೈವರ್ ನೋಡಿಕೊಳ್ಳುವವರಿಗೆ ಕಳಿಸಿದೆ. ಆ ಬಸ್‌ನ ಕೋಡಿಗೆಲ್ಲ ಕಾವಲು ನಾರ್ವೆಯ ಇಂಗುನ್. ಅವಳು ಒಪ್ಪದೆ ಒಂದು ಸಾಲೂ ಒಳಗೆ ಹೋಗುವುದಿಲ್ಲ. ಅವಳ ಉತ್ತರ ಮಧ್ಯಾಹ್ನವೇ ಬಂತು: "ಇದು ನಮ್ಮ ಡ್ರೈವರೇ, ಟೋಪಿ ಬದಲಾಗಿದೆ ಅಷ್ಟೆ. ಟೋಪಿ ತೆಗೆದು ಬಾ. ಏನು ವ್ಯತ್ಯಾಸ ಇದೆಯೋ ಅಷ್ಟನ್ನೇ ಹೇಳು. ಶುಕ್ರವಾರದೊಳಗೆ ಬಂದರೆ ಈ ಸಲ ಸೇರಿಸ್ತೀನಿ."

ನನಗೆ ಕುಣಿಯುವಷ್ಟು ಖುಷಿ. ಕಾಫಿ ಕೋಣೆಯಲ್ಲಿ ರೈಮೊನ ಮುಖ ಹುಳ್ಳಗಾಗಿತ್ತು.

"ಅವಳಿಗೇನು ಗೊತ್ತು? ಯಾರು ಬಂದ್ರೂ ಬೊಗಳೋದೇ ಅವಳ ಕೆಲಸ."

"ಚಿಪ್ ಸರಿ ಇದ್ರೆ ತೇಪೆ ಯಾಕೋ ಹಾಕಿದ್ದೆ?"

"ಅದು ತೇಪೆ ಅಲ್ಲ ಮಾರಾಯ್ತಿ. ಮುಂಜಾಗ್ರತೆ."

ನಾನು ನಕಲನ್ನು ಬಿಡಿಸುತ್ತಾ ಕೂತೆ. ಸಿಕ್ಕಿದ್ದು ಎರಡು ಚಾಳಿ. ಒಂದು, ಕೊನೆಯ ಮಾತು ಹೊರಡುವ ಮೊದಲೇ ಚಿಪ್ "ಮುಗೀತು" ಎಂದುಬಿಡುತ್ತದೆ. ಇಂಥ ಗಂಡಸರನ್ನು ನಾನು ಬಲ್ಲೆ. ಇನ್ನೊಂದು, ಉದ್ದ ಸಂದೇಶ ಕೊಟ್ಟರೆ ಗಂಟಲಲ್ಲಿ ಸಿಕ್ಕಿಸಿಕೊಳ್ಳುತ್ತದೆ. ಇವೆರಡನ್ನೂ ಸಾಮಾನ್ಯ ಡ್ರೈವರಿಗೆ ತಿಳಿಸಲು ಒಂದು ಪುಟವೂ ಬೇಕಾಗಲಿಲ್ಲ. ಎಲ್ಲ ಚೆನ್ನಾಗಿ ನಡೆಯಿತು. ಆದರೆ ವಿದ್ಯುತ್ ಉಳಿಸಲು ಯಂತ್ರ ಮಲಗಿ ಎದ್ದ ಮೇಲೆ ಒಮ್ಮೊಮ್ಮೆ ಚಿಪ್ ಮೂಕವಾಗಿಬಿಡುತ್ತಿತ್ತು. ಏನು ಮಾಡಿದರೂ ಕಾರಣ ಸಿಗಲಿಲ್ಲ. ಶುಕ್ರವಾರ ತಪ್ಪಿದರೆ ನಕಲನ್ನೇ ಗಿರಾಕಿಗಳಿಗೆ ಕಳಿಸುವುದೆಂದು ಮೇಲಿನವರು ತೀರ್ಮಾನಿಸಿದ್ದರು. ಆಮೇಲೆ ಅದು ಜೀವನಪೂರ್ತಿ ನನ್ನದೇ.

"ಎದ್ದ ಮೇಲೆ ಇದಕ್ಕೆ ಏನಾಗುತ್ತೆ ರೈಮೊ?"

"ಏನೂ ಆಗಲ್ಲ. ನಿನ್ನ ಕೋಡ್ ನೋಡ್ಕೋ."

ಎಲ್ಲಿ ನೋವು ಎಂದು ಬಿಂಕದ ಗಂಡಸನ್ನು ಕೇಳಿ ಪ್ರಯೋಜನವಿಲ್ಲ. ಪಕ್ಕದವನಿಗೆ ನಿನಗಿಂತ ಹೆಚ್ಚು ನೋವಿದೆ ಎನ್ನಬೇಕು. ನನ್ನ ದಾಂಪತ್ಯದಿಂದ ಉಳಿದ ಜ್ಞಾನ ಇಷ್ಟು, ಅದೂ ತಡವಾಗಿ ಬಂದದ್ದು.

ಗುರುವಾರ ಕಾಫಿಗೆ ಲ್ಯಾಪ್‌ಟಾಪ್ ಹಿಡಿದುಕೊಂಡೇ ಹೋದೆ. ಸಾಮಾನ್ಯ ಡ್ರೈವರಿನಲ್ಲಿ ಯಾವ ಚಿಪ್‌ಗೆ ಯಾವ ಚಾಳಿ ಎಂದು ಬರೆದಿಟ್ಟ ಜಾಗವನ್ನು ತೆರೆದು, ಏಲಕ್ಕಿ ಬನ್ನಿನ ತಟ್ಟೆಯ ಪಕ್ಕ ಇಟ್ಟೆ. ರೈಮೊ ಅಸಡ್ಡೆಯಿಂದ ಕಣ್ಣಾಡಿಸಿದ. ಒಂದು ಕಡೆ ಅವನ ಬೆರಳು ನಿಂತಿತು.

"ಇದು ಎಸ್ಕೊನದಲ್ವಾ?"

ಎಸ್ಕೊ ಅವನ ಜೊತೆ ಓದಿದವನು, ಈಗ ಟಾಂಪೆರೆ ಊರಿನಲ್ಲಿ ಬೇರೆ ಕಂಪನಿಗೆ ಚಿಪ್ ಮಾಡುತ್ತಾನೆ. ಅವನ ಹೆಸರೆತ್ತಿದರೆ ರೈಮೊನ ಕಾಫಿ ಲೋಟದಲ್ಲೇ ತಣ್ಣಗಾಗುತ್ತದೆ.

"ಹ್ಞೂಂ. ಅವನದಕ್ಕೆ ಮೂರು ಚಾಳಿ. ನಮ್ಮದಕ್ಕೆ ಎರಡೇ." ನಾನು ಅವನ ಮುಖ ನೋಡದೆ ಬನ್ ಮುರಿದೆ. "ಪಾಪ, ನಿನ್ನದು ಸರಳ ಚಿಪ್. ಅವನದರಲ್ಲಿ ಕರಾಮತ್ತು ಜಾಸ್ತಿ ಅನ್ಸುತ್ತೆ."

"ಸರಳಾನಾ?"

"ಸರಳ ಅಂದ್ರೆ ಕೆಟ್ಟದ್ದೇನಲ್ಲಪ್ಪ. ಶಾಲೆ ಮಕ್ಕಳಿಗೆ ಕಲಿಸೋಕೆ ಚೆನ್ನಾಗಿರುತ್ತೆ."

"ಏಯ್ ಸಿನಿಕ್ಕ!" ಲೋಟ ಮೇಜಿಗೆ ಕುಕ್ಕಿದ. "ಎಸ್ಕೊನ ಚಿಪ್‌ಗೆ ನೆಟ್ಟಗೆ ನಿದ್ದೆ ಮಾಡೋಕೂ ಬರಲ್ಲ, ಗೊತ್ತಾ? ನಮ್ಮದು ಎಷ್ಟು ಗಾಢವಾಗಿ ಮಲಗುತ್ತೆ ಅಂದ್ರೆ, ಎದ್ದ ಮೇಲೆ ಮೊದಲನೇ ಉತ್ತರ ಬರೀ ಕನವರಿಕೆ. ಅದನ್ನ ಓದಿ ಬಿಸಾಕ್ಬೇಕು. ಬಿಸಾಕ್ದೇ ಇದ್ರೆ ಮುನಿಸ್ಕೊಂಡು ಮಾತೇ ಆಡಲ್ಲ. ಅಂಥದ್ದು ಅವನ ಹತ್ರ ಇದೆಯಾ? ಹೇಳು!"

ಬನ್ನನ್ನು ತಟ್ಟೆಗಿಟ್ಟೆ. ನಕಲಿನಲ್ಲಿ ಅಂಥ ಒಂದು ಸಾಲು ಇತ್ತು. ಸುಮ್ಮನೆ ಏನನ್ನೋ ಓದಿ, ಅದನ್ನು ಯಾವುದಕ್ಕೂ ಬಳಸದೆ ಮುಂದೆ ಹೋಗುವ ಸಾಲು. ಯಾಕೆಂಬುದಕ್ಕೆ ಪಕ್ಕದಲ್ಲಿ ಒಂದು ಮಾತೂ ಬರೆದಿರಲಿಲ್ಲ. ಕಸವೆಂದು ಗುಡಿಸಿ ಎಸೆದವಳು ನಾನೇ.

"ಹಾಗಾದ್ರೆ ಮೂರಾಯ್ತಲ್ಲೋ. ಎಸ್ಕೊಗೆ ಸರಿಸಮ."

ರೈಮೊ ಮುಂದಕ್ಕೆ ಬಾಗಿದ. "ಆ ಮೊದಲನೇದನ್ನ ಒಡೆದು ಎರಡು ಮಾಡೋಕಾಗಲ್ವಾ?"

"ಇಂಗುನ್ ಒಪ್ಪಲ್ಲ ಕಣೋ."

"ಬೊಗಳೋದೊಂದು ಗೊತ್ತು," ಎಂದು ಗೊಣಗಿದ.

ಮೂರು ಚಾಳಿಗಳನ್ನೂ ಬರೆದು ಶುಕ್ರವಾರ ಬೆಳಿಗ್ಗೆ ಕಳಿಸಿದೆ. ಮಲಗಿಸಿ ಎಬ್ಬಿಸಿ, ಮಲಗಿಸಿ ಎಬ್ಬಿಸಿ ನೋಡಿಯೇ ಕಳಿಸಿದ್ದೆ. ಚಿಪ್ ಒಮ್ಮೆಯೂ ಮುನಿಯಲಿಲ್ಲ. ಇಂಗುನ್ ಒಪ್ಪಿಕೊಂಡಳು. ಕೆಳಗೆ ಒಂದು ಪ್ರಶ್ನೆ ಇತ್ತು: "ಈ ಸಾಲುಗಳನ್ನ ಇನ್ಮೇಲೆ ನೋಡ್ಕೊಳ್ಳೋರು ಯಾರು? ಒಂದು ಹೆಸರು ಬೇಕು."

ನಮ್ಮಲ್ಲಿ ಇದು ಪದ್ಧತಿ. ಹೆಸರು ಯಾರದೋ, ಲೋಕದ ಪ್ರಶ್ನೆಗಳೆಲ್ಲ ಅವರ ಮನೆಬಾಗಿಲಿಗೆ. ಅಭ್ಯಾಸಬಲದಿಂದ ಬೆರಳುಗಳು ನನ್ನ ಹೆಸರನ್ನು ಅರ್ಧ ಬರೆದೇಬಿಟ್ಟಿದ್ದವು. ಅಳಿಸಿದೆ.

"ರೈಮೊ, ಎಸ್ಕೊನ ಚಿಪ್ ಎದುರು ಕಂಪನಿ ವಿಳಾಸ ಮಾತ್ರ ಇದೆ, ಅವನ ಹೆಸರಿಲ್ಲ. ನಮ್ಮದರ ಎದುರು ನಿನ್ನ ಹೆಸರು ಹಾಕಲಾ?"

ಅವನು ಕುರ್ಚಿಯಲ್ಲಿ ನೆಟ್ಟಗೆ ಕೂತ. "ಪೂರ್ತಿ ಹೆಸರು ಹಾಕು. ಮಧ್ಯದ್ದೂ ಸೇರಿಸಿ."

ಹಾಕಿದೆ. ಆಮೇಲೆ ರೈಮೊ ತಂದ ನಕಲನ್ನು ಅಳಿಸಿದೆ. ಸಾವಿರಾರು ಸಾಲುಗಳು ಸದ್ದಿಲ್ಲದೆ ಹೋದವು.

ಸೋಮವಾರ ಸಂಜೆ ಮನೆಗೆ ಹೊರಡಲು ಮೇಲಂಗಿ ಹಾಕಿಕೊಳ್ಳುತ್ತಿದ್ದೆ. ಹೊರಗೆ ಹಿಮದ ಮೇಲೆ ಇನ್ನೂ ಬಿಸಿಲಿತ್ತು. ರೈಮೊ ಬಾಗಿಲಿಗೆ ಬಂದ.

"ಸಿನಿಕ್ಕ, ಪೋರ್ಚುಗಲ್‌ನಿಂದ ಯಾರೋ ಬರೆದಿದ್ದಾನೆ. ಏನೇನೋ ಕೇಳ್ತಾನೆ. ಇದಕ್ಕೆಲ್ಲ ನಾನೇ ಉತ್ತರ ಕೊಡ್ಬೇಕಾ?"

"ಅಷ್ಟು ದೂರದಿಂದ ನಿನ್ನನ್ನೇ ಹುಡುಕಿ ಬರೆದಿದ್ದಾನೆ ನೋಡು!" ಎಂದು ಸೈಕಲ್ ಕೀ ಎತ್ತಿಕೊಂಡೆ. "ಕಾಯಿಸ್ಬೇಡ, ಪಾಪ."