ಆರಕ್ಕೆ ನಿಂತ ಕಹಿ

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಬಿಯರು ಕಾರ್ಖಾನೆಯ ರುಚಿ ನೋಡುವ ಕೋಣೆಯ ಬಾಗಿಲು ಹಾಕಿದ ಮೇಲೆ ಒಳಗೆ ಕೂತ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುವಂತಿಲ್ಲ. ಅದು ಕಾರ್ಖಾನೆ ನಡೆಸುವ ಅಕ್ಕನ ಕಾನೂನು. ಆಕಳಿಕೆ ಅಂಟುವ ಹಾಗೆ ರುಚಿಯೂ ಅಂಟುತ್ತದೆ ಎಂದು ಅವಳ ವಾದ. ಅದಕ್ಕೇ ಉದ್ದ ಮೇಜಿನ ಮೇಲೆ ಒಬ್ಬೊಬ್ಬರ ನಡುವೆ ರಟ್ಟಿನ ಅಡ್ಡಗೋಡೆ ನಿಲ್ಲಿಸಿರುತ್ತಾಳೆ. ಬಣ್ಣ ನೋಡಿ ಯಾರೂ ಊಹಿಸದಿರಲಿ ಎಂದು ಲೋಟಗಳು ಕಡುನೀಲಿ. ಪ್ರತಿಯೊಬ್ಬರ ಮುಂದೆ ಮೂರು ಲೋಟ. ಎರಡರಲ್ಲಿ ಒಂದೇ ಬಿಯರು, ಒಂದರಲ್ಲಿ ಬೇರೆ. ಬೇರೆಯದು ಯಾವುದೆಂದು ಹಿಡಿದು ಅದರ ನಂಬರನ್ನು ಚೀಟಿಯಲ್ಲಿ ಬರೆಯಬೇಕು. ಗೊತ್ತಾಗದಿದ್ದರೂ ಒಂದನ್ನು ಬರೆಯಲೇಬೇಕು. ಚೀಟಿ ಖಾಲಿ ಬಿಡುವ ಪದ್ಧತಿ ಹನ್ನೊಂದು ವರ್ಷದಲ್ಲಿ ಇರಲಿಲ್ಲ.

ಮೇಜಿನ ಕೊನೆಯಲ್ಲಿ, ಕಿಟಕಿಯ ಪಕ್ಕ, ಅಕ್ಕನ ತಮ್ಮ ಕೂತಿದ್ದ. ಅವನನ್ನು ಅಲ್ಲಿ ಎಲ್ಲರೂ ಕರೆಯುತ್ತಿದ್ದುದು ಮೂಗು ಎಂದು. ಹನ್ನೊಂದು ವರ್ಷದ ಹಿಂದೆ ಅವನು ಬಾಟಲಿ ತೊಳೆಯುವ ಮನೆಯಲ್ಲಿದ್ದಾಗ, ತೊಟ್ಟಿಗಳ ಸಾಲಿನ ಪಕ್ಕ ಹಾದು ಹೋಗುತ್ತ ಮೂರನೆಯದರ ಮುಂದೆ ನಿಂತು, "ಇದ್ರಲ್ಲಿ ಒದ್ದೆ ರಟ್ಟಿನ ವಾಸನೆ ಬರ್ತಿದೆ" ಎಂದಿದ್ದ. ಬಿಯರು ಕಾಯಿಸುವ ಭಾವ ಬೈದು ಕಳಿಸಿದ್ದರು. ನಾಲ್ಕು ದಿನ ಕಳೆದ ಮೇಲೆ ಆ ತೊಟ್ಟಿಯನ್ನು ಚರಂಡಿಗೆ ಬಿಡಬೇಕಾಯಿತು. ಅವತ್ತಿನಿಂದ ಅವನಿಗೆ ಈ ಕಿಟಕಿಯ ಪಕ್ಕದ ಕುರ್ಚಿ, ಈ ಹೆಸರು.

ಆ ಮೂಗು ಸತ್ತು ಇವತ್ತಿಗೆ ನಾಲ್ಕು ವಾರ.

ಮೂರು ದಿನದ ಜ್ವರ, ಅಷ್ಟೇ. ಜ್ವರ ಬಿಟ್ಟ ಬೆಳಿಗ್ಗೆ ಕಾಫಿ ಕುಡಿದರೆ ಬಿಸಿ ನೀರು ಕಹಿಯಾದ ಹಾಗಿತ್ತು. ಎರಡು ದಿನದ ಮೇಲೆ ಒಲೆಯ ಮೇಲಿನ ಹಾಲು ಉಕ್ಕಿ, ಸೀದು, ಕರಕಲಾಗಿ, ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುವ ತನಕ ಅವನು ಅದೇ ಮನೆಯಲ್ಲಿ ಕೂತು ಶೂ ಒರೆಸುತ್ತಿದ್ದ. ಡಾಕ್ಟರು ಟಾರ್ಚು ಬಿಟ್ಟು ಎರಡೂ ಹೊಳ್ಳೆ ನೋಡಿ, "ಬಂದ್ರೆ ಬರುತ್ತೆ, ಇಲ್ಲಾಂದ್ರೆ ಇಲ್ಲ" ಎಂದರು. ಅಷ್ಟು ಹೇಳಲು ಡಾಕ್ಟರೇ ಆಗಬೇಕಿರಲಿಲ್ಲ.

ಅವನು ಯಾರಿಗೂ ಹೇಳಲಿಲ್ಲ. ಹೇಳಿದರೆ ಈ ಕುರ್ಚಿ ಇಲ್ಲ. ಮೂಗಿಲ್ಲದವನಿಗೆ ಇಲ್ಲಿ ಬೇರೆ ಏನು ಕೆಲಸ, ಮತ್ತೆ ಬಾಟಲಿ ಮನೆ, ರಬ್ಬರ್ ಬೂಟು, ಬಿಸಿ ಹಬೆ. ಅದಕ್ಕಿಂತ ಹೆಚ್ಚಾಗಿ, ಅವನಿಗೆ ಇದು ಇಷ್ಟದ ಕೆಲಸವಾಗಿತ್ತು. ಇಂಡಿಯಾ ಪೇಲ್ ಏಲ್, ಚಿಕ್ಕದಾಗಿ ಐಪಿಎ, ಎಂಬ ಅಲ್ಲಿಯ ಬಿಯರಿನಲ್ಲಿ ಕಹಿ ಎಲ್ಲರಿಗೂ ಸಿಗುತ್ತದೆ. ಕಹಿಯ ಮೇಲೆ ಕೂತಿರುವ ಪರಿಮಳ ಮಾತ್ರ ಮೂಗಿದ್ದವನಿಗೆ. ಒಂದು ಐಪಿಎ ಕಿತ್ತಳೆ ಸಿಪ್ಪೆ ಹಿಂಡಿದ ಹಾಗೆ ಚುರುಕಾಗಿ ಬಂದು ಹೋಗುತ್ತದೆ. ಇನ್ನೊಂದು ಮರದ ಅಂಟಿನ ಹಾಗೆ ಗಂಟಲಲ್ಲಿ ಕೂತುಬಿಡುತ್ತದೆ. ಮಂಜಾಗಿರುವ ಹೊಸ ಥರದ್ದು ಹಣ್ಣಿನ ಬುಟ್ಟಿ ಮಗುಚಿದಂತೆ. ಒಂದನ್ನು ಕುಡಿದು, ನೀರು ಕುಡಿದು, ಬ್ರೆಡ್ಡಿನ ತುಣುಕು ಅಗಿದು, ಇನ್ನೊಂದಕ್ಕೆ ಕೈ ಚಾಚುವಾಗಿನ ಆ ಕಾತರವೇ ಅವನಿಗೆ ಸಂಬಳಕ್ಕಿಂತ ದೊಡ್ಡದಾಗಿತ್ತು. ಈಗ ಎಲ್ಲವೂ ಒಂದೇ. ತಣ್ಣಗೆ, ನೊರೆ, ಕಹಿ.

ಕಹಿ ಉಳಿದಿತ್ತಲ್ಲ, ಅದನ್ನೇ ಹಿಡಿದುಕೊಂಡ. ಗುಟುಕು ನುಂಗಿದ ಮೇಲೆ ನಾಲಿಗೆಯ ಬುಡದಲ್ಲಿ ಕಹಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಮನಸ್ಸಿನಲ್ಲೇ ಎಣಿಸಲು ಶುರು ಮಾಡಿದ. ಇವತ್ತು ಪರೀಕ್ಷೆಗೆ ಇದ್ದುದು ಎರಡು ಐಪಿಎ. ಬಿಯರಿಗೆ ಕಹಿ, ಪರಿಮಳ ಎರಡೂ ಬರುವುದು ಹಾಪ್ಸ್ ಹೂವಿನಿಂದ. ಒಂದು ಎಂದಿನ ಹಳೆಯ ಹಾಪ್ಸ್ ಹಾಕಿ ಕಾಯಿಸಿದ್ದು, ಇನ್ನೊಂದು ಹೊಸ ವ್ಯಾಪಾರಿ ತಂದ ಹಾಪ್ಸ್‌ನದು. ಸೋಮವಾರ ಯಾರೂ ಇಲ್ಲದಾಗ ತೊಟ್ಟಿ ಮನೆಗೆ ಹೋಗಿ ಎರಡನ್ನೂ ಹಿಡಿದು ಕುಡಿದಿದ್ದ. ಹಳೆಯದರ ಕಹಿ ಆರು ಎಣಿಸುವಷ್ಟರಲ್ಲಿ ನಿಂತಿತು. ಹೊಸದು ಒಂಬತ್ತರ ತನಕ ಹೋಯಿತು. ಸದ್ಯ, ಬದುಕಿದೆ ಎಂದುಕೊಂಡ.

ಈಗ ಮೂರು ಲೋಟ ಮುಂದಿಟ್ಟುಕೊಂಡು ಎಣಿಸಿದ. ಮೊದಲನೆಯದು ಆರು. ನೀರು, ಬ್ರೆಡ್ಡು. ಎರಡನೆಯದು ಆರು. ಹಾಗಾದರೆ ಮೂರನೆಯದೇ. ಕುಡಿದ. ನಾಲ್ಕು, ಐದು, ಆರು, ನಿಂತುಹೋಯಿತು.

ಮತ್ತೆ ಮೊದಲಿನಿಂದ ಕುಡಿದ. ಆರು, ಆರು, ಆರು.

ಮೂಗಿನ ಹಿಂದೆ ನಾಲಿಗೆಯೂ ಹೋಯಿತೇ? ಸೋಮವಾರದ ಒಂಬತ್ತು ತನ್ನ ಆಸೆಯೇ ಎಣಿಸಿದ್ದಿರಬೇಕು. ಅಥವಾ ಆರೇ ಸುಳ್ಳಿರಬೇಕು. ರಟ್ಟಿನ ಆಚೆ ಪೆನ್ನು ಓಡುವ ಸದ್ದು ಕೇಳುತ್ತಿತ್ತು. ಬಾಟಲಿಗೆ ಲೇಬಲ್ ಅಂಟಿಸುವ ಅಂಟಮ್ಮ ಆಗಲೇ ಬರೆದು ಮುಗಿಸಿ ಬಳೆ ಸರಿಮಾಡಿಕೊಳ್ಳುತ್ತಿದ್ದಳು. ಪೀಪಾಯಿ ಸಾಗಿಸುವ ಡ್ರೈವರಣ್ಣ ಸದ್ದು ಮಾಡಿ ಹೀರುತ್ತಿದ್ದ. ಭಾವ ಪ್ರತಿ ಗುಟುಕಿಗೂ "ಹ್ಞಾ" ಎನ್ನುತ್ತಿದ್ದರು. ತಾವು ಮಾಡಿದ್ದನ್ನು ಅವರಷ್ಟು ಸುಖವಾಗಿ ಕುಡಿಯುವವರು ಇನ್ನೊಬ್ಬರಿರಲಿಲ್ಲ.

ಕಣ್ಣು ಮುಚ್ಚಿ ಒಂದನ್ನು ಬರೆದರೆ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ಕಳೆದ ಮೂರು ವಾರ ಅವನು ಮಾಡಿದ್ದೂ ಅದನ್ನೇ. ಒಂದು ಹೊಡೆದಿತ್ತು, ಎರಡು ತಪ್ಪಿತ್ತು. ಆದರೆ ಇವತ್ತು ಅವನಿಗೆ ಗಲಿಬಿಲಿಯ ಜೊತೆಗೆ ಸಿಟ್ಟೂ ಬಂತು. ಆರು ಎಂದರೆ ಆರೇ. ಚೀಟಿಯನ್ನು ಖಾಲಿಯೇ ಮಡಚಿ ಕೊಟ್ಟ.

ಅಕ್ಕ ರಟ್ಟುಗಳನ್ನು ತೆಗೆದು ಚೀಟಿ ಬಿಚ್ಚಿದಳು. ಅಂಟಮ್ಮನದು ಮೊದಲನೆಯ ಲೋಟ, ಪಕ್ಕದಲ್ಲಿ 'ಮಾವಿನ ಹಣ್ಣು, ತುಂಬಾ ಚೆನ್ನಾಗಿದೆ'. ಡ್ರೈವರಣ್ಣನದು ಎರಡನೆಯದು, 'ಕಿತ್ತಳೆ, ಸ್ವಲ್ಪ ಸೋಪು'. ಭಾವನದು ಮೂರನೆಯದು, 'ಪೈನ್ ಮರದ ಅಂಟು, ಗಂಭೀರ'. ನಾಲ್ಕನೆಯ ಚೀಟಿಯನ್ನು ತಿರುಗಿಸಿ ಮಗುಚಿ ನೋಡಿದಳು.

"ಪೆನ್ನಲ್ಲಿ ಇಂಕಿರ್ಲಿಲ್ವೇನೋ?"

"ಇತ್ತು. ಮೂರೂ ಒಂದೇ ಅಕ್ಕ."

ಡ್ರೈವರಣ್ಣ ನಕ್ಕ. "ಕತ್ತೆಗೇನು ಗೊತ್ತು ಕಸ್ತೂರಿ ವಾಸನೆ ಅಂತ ಇಷ್ಟು ವರ್ಷ ನಮ್ಗೆ ಹೇಳ್ತಿದ್ದೆಯಲ್ಲ ಮಾರಾಯ. ಇವತ್ತು ಕತ್ತೆ ಯಾರು?"

"ಪಾಪ, ನೆಗಡಿ ಇರ್ಬೇಕು," ಎಂದಳು ಅಂಟಮ್ಮ. "ಆ ಮಾವಿನ ಹಣ್ಣು ನನಗೇ ಗೊತ್ತಾಯ್ತಲ್ಲ ಮೂಗಣ್ಣ, ಮುಖಕ್ಕೆ ಹೊಡೆದ ಹಾಗಿತ್ತು."

"ಮಾವೂ ಇಲ್ಲ, ಮಣ್ಣೂ ಇಲ್ಲ. ಅದು ಪೈನು," ಎಂದರು ಭಾವ. "ಕಾಯಿಸಿದವನು ನಾನು."

"ಒಬ್ಬೊಬ್ರು ಒಂದೊಂದು ಲೋಟ ಹೇಳಿದ್ದೀರಿ," ಎಂದಳು ಅಕ್ಕ. ಅವಳಿಗೆ ನಗು ಬಂದಿರಲಿಲ್ಲ. "ಸಾಯಂಕಾಲ ವ್ಯಾಪಾರಿಗೆ ವರ್ಷದ ಹಾಪ್ಸ್ ಆರ್ಡರ್ ಹೇಳ್ಬೇಕು. ವ್ಯತ್ಯಾಸ ಇದೆಯೋ ಇಲ್ವೋ? ನಿಮ್ಮದು ಕುರುಡರು ಆನೆ ಮುಟ್ಟಿದ ಹಾಗಾಯ್ತು."

"ಆನೆ ಇದ್ರೆ ತಾನೇ ಮುಟ್ಟೋದು," ಎಂದ ಮೂಗು. ಬಾಯಿ ತಪ್ಪಿ ಬಂದ ಮಾತು. ಆಡಿದ ಮೇಲೆ ಅವನಿಗೇ ಅನುಮಾನ ಬಂತು. ಎದ್ದು ಗೋಡೆಯ ಆಚೆಯ ಶೀತಲ ಕೋಣೆಗೆ ಹೋದ. ಉಳಿದವರು ಹಿಂದೆ ಬಂದರು.

ರುಚಿ ಕೋಣೆಯ ಎರಡು ನಲ್ಲಿಗಳ ಪೈಪು ಗೋಡೆ ದಾಟಿ ಬರುವುದು ಇಲ್ಲಿಗೆ. ಪ್ರತಿ ಮಂಗಳವಾರ ಭಾವ ಆ ಪೈಪುಗಳನ್ನು ತೊಳೆಯುತ್ತಿದ್ದರು. ಎರಡನ್ನೂ ಒಂದು ಕವಲು ಪೈಪಿಗೆ ಸಿಕ್ಕಿಸಿ, ಒಂದೇ ಕ್ಯಾನಿನಿಂದ ತೊಳೆಯುವ ನೀರು ಹಾಯಿಸುವುದು. ಆಮೇಲೆ ಆ ನೀರನ್ನು ಹೊರಗೆ ತಳ್ಳಲು ಸ್ವಲ್ಪ ಬಿಯರು ಬಿಡಬೇಕು. ನಿನ್ನೆ ಹೊಸ ಬಿಯರು ಇದ್ದುದೇ ಒಂದು ಪೀಪಾಯಿ, ಅದನ್ನು ಚರಂಡಿಗೆ ಬಿಡಲು ಭಾವನಿಗೆ ಮನಸ್ಸು ಬರಲಿಲ್ಲ. ಕವಲನ್ನು ಹಳೆಯ ಪೀಪಾಯಿಗೆ ಸಿಕ್ಕಿಸಿ ಎರಡು ಪೈಪನ್ನೂ ಅದರಿಂದಲೇ ತುಂಬಿಸಿದ್ದರು. ಅಲ್ಲಿಗೆ ಊಟದ ಹೊತ್ತಾಗಿತ್ತು. ಊಟಕ್ಕೆ ಹೋದವರು ಕವಲು ಬಿಚ್ಚುವುದನ್ನು ಮರೆತಿದ್ದರು. ಹೊಸ ಪೀಪಾಯಿ ಮೂಲೆಯಲ್ಲಿ ಮುಚ್ಚಳ ಸಮೇತ ಹಾಗೇ ಕೂತಿತ್ತು.

ಮೂರು ಲೋಟವಲ್ಲ, ನಾಲ್ವರ ಹನ್ನೆರಡು ಲೋಟದಲ್ಲೂ ಒಂದೇ ಬಿಯರು.

ಅಕ್ಕ ಗಂಡನ ಕಡೆ ತಿರುಗಿ, "ಗಂಭೀರ," ಎಂದಳು.

ಭಾವ ಕವಲು ಬಿಚ್ಚುತ್ತ ತಲೆ ಎತ್ತಲಿಲ್ಲ. ಅಂಟಮ್ಮ ತನ್ನ ಚೀಟಿಯನ್ನು ಹುಡುಕಿ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿದಳು. ಡ್ರೈವರಣ್ಣ ಬಂದು ಮೂಗಿನ ಭುಜಕ್ಕೆ ಗುದ್ದಿದ. "ಕತ್ತೆ ನಾನೇ ಮಾರಾಯ. ಒಪ್ಕೊಂಡೆ."

"ಇವನಿಗೆ ಇರೋದು ಮೂಗಲ್ಲ, ಮಿಷಿನ್ನು," ಎಂದರು ಭಾವ, ಈಗ ತಮ್ಮ ಮಾನ ಉಳಿಸಿಕೊಳ್ಳಲು. "ಇನ್ಮೇಲೆ ನಾವೆಲ್ಲ ಯಾಕೆ ಕುಡೀಬೇಕು? ಇವನೊಬ್ಬನೇ ಸಾಕು."

ಮೂಗಿಗೆ ತಲೆ ಕೆಟ್ಟಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿದೆ ಎಂದುಕೊಂಡ. ವಾಸನೆ ಇಲ್ಲದವನಿಗೆ ಎಲ್ಲವೂ ಒಂದೇ, ಇವತ್ತು ಎಲ್ಲವೂ ನಿಜಕ್ಕೂ ಒಂದೇ ಆಗಿಬಿಟ್ಟಿತ್ತು. ಆದರೆ ಎಣಿಸಿದ್ದು? ಆರು ಸರಿಯಾಗಿಯೇ ಇತ್ತಲ್ಲ. ಗೆದ್ದಿದ್ದು ತನ್ನ ಕುರುಡೋ, ತನ್ನ ಕಣ್ಣೋ ಅವನಿಗೆ ತಿಳಿಯಲಿಲ್ಲ.

ಹೊಸ ಪೀಪಾಯಿ ಜೋಡಿಸಿ, ಎರಡು ಜಗ್ಗು ಹೊರಗೆ ಚೆಲ್ಲಿ, ಅಕ್ಕ ಅವನೊಬ್ಬನಿಗೇ ಮೂರು ಲೋಟ ತುಂಬಿಸಿದಳು. ಉಳಿದವರು ಸುತ್ತ ನಿಂತು ನೋಡಿದರು. ಮುಖ ನೋಡಬಾರದೆಂಬ ಕಾನೂನು ಅಲ್ಲಿಗೆ ಮುಗಿದಿತ್ತು. ಅವನು ಕುಡಿದ, ಎಣಿಸಿದ. ಆರು. ನೀರು, ಬ್ರೆಡ್ಡು. ಏಳು, ಎಂಟು, ಒಂಬತ್ತು. ನೀರು, ಬ್ರೆಡ್ಡು. ಆರು.

"ನಡುವಿನದು."

ಅಕ್ಕ ಲೋಟದ ತಳದ ನಂಬರು ನೋಡಿ ತಲೆಯಾಡಿಸಿದಳು. ಡ್ರೈವರಣ್ಣ ಸಿಳ್ಳೆ ಹಾಕಿದ.

"ವ್ಯತ್ಯಾಸ ಇದೆ ಅಂತಾಯ್ತು," ಎಂದಳು ಅಕ್ಕ. "ಈಗ ಹೇಳು, ಹೊಸದರ ಪರಿಮಳ ಹೇಗಿದೆ? ಹಳೇದಕ್ಕಿಂತ ಮೇಲೋ ಕೆಳಗೋ? ನೀನು ಹೂಂ ಅಂದ್ರೆ ವರ್ಷಕ್ಕಾಗುವಷ್ಟು ಆರ್ಡರ್ ಹಾಕ್ತೀನಿ."

ಅವನು ನಡುವಿನ ಲೋಟವನ್ನು ಮೂಗಿನ ಬಳಿ ಹಿಡಿದ. ತಂಪು ಬಂತು, ಬೇರೇನೂ ಇಲ್ಲ. ಏನು ಹೇಳಿದರೂ ನಡೆಯುತ್ತಿತ್ತು. ಕಿತ್ತಳೆ ಎಂದರೆ ಡ್ರೈವರಣ್ಣ ಗೆಲ್ಲುತ್ತಿದ್ದ, ಪೈನು ಎಂದರೆ ಭಾವನ ಮಾನ ಉಳಿಯುತ್ತಿತ್ತು. ಒದ್ದೆ ನಾಯಿ ಎಂದಿದ್ದರೂ ನಾಲ್ವರೂ ಈಗ ಬಗ್ಗಿ ಮೂಸಿ, ಹೌದು, ಒದ್ದೆ ನಾಯಿ ಎನ್ನುತ್ತಿದ್ದರು. ಅವನಿಗೆ ಭಯವಾದದ್ದು ಅದಕ್ಕೇ. ಇಷ್ಟು ಸುಲಭವೇ ಇದು? ಹನ್ನೊಂದು ವರ್ಷ ತಾನು ಹೇಳಿದ್ದರಲ್ಲಿ ಎಷ್ಟನ್ನು ಇವರು ನಿಜವಾಗಿ ಮೂಸಿದ್ದರು?

"ವಾಸನೆ ನನಗೆ ಗೊತ್ತಾಗಲ್ಲ ಅಕ್ಕ. ಮೂಗು ಹೋಗಿ ನಾಲ್ಕು ವಾರ ಆಯ್ತು. ಜ್ವರ ಬಂತಲ್ಲ, ಆವಾಗಿಂದ."

ಸುತ್ತ ನಿಂತವರಲ್ಲಿ ನಗು ಎದ್ದಿತು.

"ನಮ್ಮ ಮರ್ಯಾದೆ ಉಳಿಸೋಕೆ ಹೇಳ್ತಿದ್ದಾನೆ," ಎಂದರು ಭಾವ. "ಒಳ್ಳೇ ಹುಡುಗ."

"ದೊಡ್ಡವರ ದೊಡ್ಡತನ," ಎಂದ ಡ್ರೈವರಣ್ಣ.

"ನಿಜ ಹೇಳ್ತಿದ್ದೀನಿ ಭಾವ. ಕಹಿ ಎಣಿಸ್ತೀನಿ, ಅಷ್ಟೇ."

"ಮೂಗಿಲ್ಲದೆ ಹಿಡಿದ್ಯಾ? ಹಾಗಾದ್ರೆ ಇದ್ದಾಗ ಇನ್ನೇನು ಹಿಡೀತಿದ್ದೆಯೋ," ಎಂದು ಅಂಟಮ್ಮ ಇನ್ನಷ್ಟು ನಕ್ಕಳು.

ನಗದೆ ಇದ್ದವಳು ಅಕ್ಕ ಒಬ್ಬಳೇ. ಬಾ ಎಂದು ತಲೆಯಲ್ಲೇ ಸನ್ನೆ ಮಾಡಿ ಅವನನ್ನು ಲೋಟ ತೊಳೆಯುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ಕಣ್ಣು ಮುಚ್ಚು."

ಮುಚ್ಚಿದ. ಅವಳ ಏಪ್ರನ್ನಿನ ಜೇಬಿನಲ್ಲಿ ಪ್ಲಾಸ್ಟಿಕ್ ಚೀಲ ಸರಪರ ಎಂದಿತು. ಮುಖದ ಹತ್ತಿರ ಅವಳ ಕೈಯ ಬಿಸಿ ತಾಗಿತು.

"ಏನಿದು?"

ಅವನು ಉಸಿರೆಳೆದ. ಎಳೆದುಕೊಂಡೇ ನಿಂತ. ಕೈ ಖಾಲಿ ಇದೆಯೋ, ಅಕ್ಕ ತನ್ನನ್ನು ಸುಮ್ಮನೆ ಪರೀಕ್ಷಿಸುತ್ತಿದ್ದಾಳೋ, ಅದಲ್ಲದೆ ಬೇರೇನಾದರೂ ಇದೆಯೋ, ಗೊತ್ತಾಗಲಿಲ್ಲ.

"ಏನೂ ಇಲ್ಲ. ಖಾಲಿ ಕೈ."

ನಲ್ಲಿ ಬಿಟ್ಟ ಸದ್ದು ಕೇಳಿ ಅವನು ಕಣ್ಣು ತೆರೆದ. ಅಕ್ಕ ಕೈ ತೊಳೆಯುತ್ತಿದ್ದಳು. ಬೆರಳುಗಳ ಸಂದಿಯಿಂದ ಹಸಿರು ನೀರು ಇಳಿದು ಬಿಳಿ ಬಚ್ಚಲಲ್ಲಿ ಸುತ್ತು ಹಾಕುತ್ತಿತ್ತು. ವ್ಯಾಪಾರಿ ಮಾದರಿಗೆ ಕೊಟ್ಟಿದ್ದ ಹೊಸ ಹಾಪ್ಸ್‌ನ ಗುಳಿಗೆಗಳನ್ನು ಅಂಗೈ ತುಂಬ ಹಾಕಿ ಉಜ್ಜಿ ಪುಡಿ ಮಾಡಿ ಹಿಡಿದಿದ್ದಳು. ಅಷ್ಟು ಹಾಪ್ಸ್‌ಗೆ ಮೂರು ಕೋಣೆ ಆಚೆ ಕೂತವರೂ ತಿರುಗಿ ನೋಡಬೇಕು.

"ಮೇಜಿಂದ ಏಳ್ಬೇಕಾಗುತ್ತೆ ನೀನು," ಎಂದಳು.

"ಬಾಟಲಿ ಮನೆಗಾ?"

"ಎಲ್ಲಿಗೆ ಅಂತ ನನಗೂ ಗೊತ್ತಿಲ್ಲ ಕಣೋ. ಲೋಟ ಎಲ್ಲಾ ಒಂದೇ ಅಂತ ಹೇಳಿದವನು ನೀನೊಬ್ಬನೇ. ಮೂಗಿರೋರು ಮೂವರೂ ಮಾವು, ಕಿತ್ತಳೆ, ಪೈನು ಅಂತ ಬರೆದು ಕೊಟ್ರು. ಯಾರನ್ನ ಏಳಿಸ್ಲಿ, ಯಾರನ್ನ ಕೂರಿಸ್ಲಿ?" ಕೈ ಒರೆಸಿಕೊಂಡಳು. "ವ್ಯಾಪಾರಿಗೆ ಶುಕ್ರವಾರ ಹೇಳ್ತೀನಿ ಅಂತ ಫೋನ್ ಮಾಡ್ತೀನಿ. ನೀನು ಎಣಿಸೋದು ಮಾತ್ರ ಬಿಡ್ಬೇಡ."

ಅವನು ಬಚ್ಚಲಿನ ಅಂಚಿಗೆ ಅಂಟಿದ್ದ ಹಸಿರನ್ನು ಬೆರಳಲ್ಲಿ ತೆಗೆದು ನಾಲಿಗೆಗೆ ಇಟ್ಟುಕೊಂಡ. ಕಹಿ ಒಂಬತ್ತು ದಾಟಿತು, ಹದಿನೈದು ದಾಟಿತು, ನಿಲ್ಲುವ ಹಾಗೆ ಕಾಣಲಿಲ್ಲ.

"ಇದರ ವಾಸನೆ ಏನು ಅಕ್ಕ? ಮಾವಾ?"

ಅಕ್ಕ ಅಂಗೈ ಮೂಗಿಗೆ ಹಿಡಿದುಕೊಂಡಳು. ಒಮ್ಮೆ ಎಳೆದಳು, ಹುಬ್ಬು ಗಂಟಿಕ್ಕಿದಳು, ಮತ್ತೊಮ್ಮೆ ಎಳೆದಳು.

"ಬೆಳಿಗ್ಗೆ ಕಿತ್ತಳೆ ಅನ್ಸಿತ್ತು," ಎಂದಳು. "ಈಗ ಅಂಟಮ್ಮ ಮಾವು ಅಂದ್ಮೇಲೆ ಮಾವೂ ಹೌದು ಅನ್ಸುತ್ತೆ. ನಿಜವಾಗಿ ಏನು ಅಂತ ಗೊತ್ತಾಗ್ತಿಲ್ಲ ಕಣೋ."